ವ್ಯೂಗೆ ಅಡ್ಡ ಬಂದ ಬಾಳೆ

ಶ್ರಾವಣದ ಒಂದು ಭಾನುವಾರ ಗೃಹಪ್ರವೇಶಕ್ಕೆ ಅಂತ ಹೋದವಳು, ದುರ್ಬೀನಿನಲ್ಲಿ ನನ್ನ ಗಂಡನನ್ನೇ ನೋಡಿಕೊಂಡು ಬಂದೆ.

ತಲೆಗೆ ಕೆಂಪು ಟೋಪಿ, ಕೈಯಲ್ಲಿ ಉದ್ದನೆಯ ಕೋಲು. ಕಾಗೆ ಓಡಿಸುತ್ತಿದ್ದರು.

"ಕಾಣಿಸ್ತಾ ಆಂಟಿ? ಆ ಟೋಪಿ ಹಾಕ್ಕೊಂಡಿರೋ ಮನುಷ್ಯ ಇದಾನಲ್ಲ, ಅವನ ಹಿಂದೆ ಒಂದು ಜಂಗಲ್ ಇದೆ ನೋಡಿ. ಅದೊಂದು ಹೋದ್ರೆ ನಮಗೆ ಲೇಕ್ ಫುಲ್ ಕ್ಲಿಯರ್!"

ದುರ್ಬೀನನ್ನು ನನ್ನ ಕೈಗಿಟ್ಟು ಹೀಗೆ ಹೇಳುತ್ತಿದ್ದವನು ಪ್ರಶಾಂತ, ಆ ಮನೆಯ ಯಜಮಾನ. ಹತ್ತಿರದ ಓವರ್‌ಲೇಕ್ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ದೊಡ್ಡ ಹುದ್ದೆ, ಮೈಸೂರಿನ ಹುಡುಗ.

ಕಾಣಿಸ್ತಾ ಅಂದರೆ? ಮದುವೆಯಾಗಿ ಇಷ್ಟು ವರ್ಷ ಆದ ಮೇಲೆ ಆ ಬೆನ್ನಿನ ಗುರುತು ನನಗೆ ಎಷ್ಟು ದೂರದಿಂದಲಾದರೂ ಸಿಗುತ್ತದೆ. ಆ ಟೋಪಿ ಕೊಂಡವಳೂ ನಾನೇ. ಆ ಕಾಗೆಗಳ ಕಣ್ಣು ಬಿದ್ದಿದ್ದು ನಾನು ಬೆಳಿಗ್ಗೆ ಹಳೇ ಬೆಡ್‌ಶೀಟಿನ ಮೇಲೆ ಇಟ್ಟು ಬಂದಿದ್ದ ಅರಳು ಸಂಡಿಗೆಯ ಮೇಲೆ. (ಸಿಯಾಟಲ್ ಕಡೆ ಬಿಸಿಲು ಬರುವುದೇ ಬೇಸಿಗೆಯ ಒಂದೆರಡು ತಿಂಗಳು. ಗೃಹಪ್ರವೇಶ ಇದೆ ಅಂತ ಸಂಡಿಗೆ ಬಿಡಲು ಆಗುತ್ತದೆಯೇ?) ಕಾಗೆ ಕಾಯಬೇಕು ಅಂತಲೇ ಇವರು ಊಟಕ್ಕೂ ಬಂದಿರಲಿಲ್ಲ.

ಇನ್ನು ಆ ಜಂಗಲ್. ಅದು ನಮ್ಮ ಬಾಳೆ. ಅದೇ ಬಾಳೆಯ ಎರಡು ಕಂದು ಆ ಹೊತ್ತಿನಲ್ಲಿ ಪ್ರಶಾಂತನ ತಲೆಬಾಗಿಲಿನ ಎರಡೂ ಕಡೆ ಕಟ್ಟಿಸಿಕೊಂಡು ನಿಂತಿದ್ದವು.

ಈಗ ನೀವೇ ಹೇಳಿ, ನಾನು ನಗಬೇಕಿತ್ತೋ, ಅಳಬೇಕಿತ್ತೋ?

ಮೊದಲಿನಿಂದ ಹೇಳುತ್ತೇನೆ. ನಾವಿರುವುದು ಬೆಲ್‌ವ್ಯೂ ನಗರದ ಪಕ್ಕ ಎದ್ದು ನಿಂತಿರುವ ಒಂದು ಗುಡ್ಡದಲ್ಲಿ. ಹೆಸರು ಬೇಡ. (ಗುಡ್ಡದ ಜನಕ್ಕೆ ವಕೀಲರ ಫೋನ್ ನಂಬರ್ ಬಾಯಿಪಾಠ.) ಮೇಲೆ ನಿಂತರೆ ಕೆಳಗೆ ಬಡಾವಣೆಗಳು, ಅದರಾಚೆ ದೊಡ್ಡ ಸರೋವರ, ನೀರಿನ ಮೇಲೆ ತೇಲುವ ಸೇತುವೆ, ಆಚೆ ದಡದಲ್ಲಿ ಸಿಯಾಟಲ್‌ನ ಟವರುಗಳು, ಇನ್ನೂ ಆಚೆ ಹಿಮದ ಬೆಟ್ಟಸಾಲು. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಚೆನ್ನಾಗಿದೆ ಅಂತ ನೋಡಿ ಸುಮ್ಮನಾಗುವವರು ಇಲ್ಲಿ ಒಬ್ಬರೂ ಇಲ್ಲ. ಇಲ್ಲಿ ಅದು 'ವ್ಯೂ'. ಅದಕ್ಕೆ ಬೆಲೆ ಇದೆ, ದರ್ಜೆ ಇದೆ, ಮಡಿ ಮೈಲಿಗೆ ಕೂಡ ಇದೆ. ಬರೀ ಸರೋವರ ಕಂಡರೆ ಒಂದು ಪಂಕ್ತಿ. ಸೇತುವೆಯೂ ಕಂಡರೆ ಅದಕ್ಕಿಂತ ಮೇಲಿನ ಪಂಕ್ತಿ. ಟವರುಗಳೂ ಕಂಡವೋ, ಮುಗಿಯಿತು, ಅವರು ನಮ್ಮ ಜೊತೆ ಕೂತು ಉಣ್ಣುವುದೇ ದೊಡ್ಡದು!

ನಾವು ಗುಡ್ಡದ ಸೊಂಟದಲ್ಲಿರುವವರು. ಅಡುಗೆಮನೆಯ ಸಿಂಕಿನ ಮುಂದೆ ತುದಿಗಾಲಲ್ಲಿ ನಿಂತರೆ ಅಂಗೈಯಷ್ಟು ನೀರು ಕಾಣುತ್ತದೆ. ಮನೆ ತೋರಿಸಿದ ಏಜೆಂಟಮ್ಮ ಅದಕ್ಕೂ 'ಪಾರ್ಷಿಯಲ್ ವ್ಯೂ' ಅಂತ ಹೆಸರಿಟ್ಟು ನಮ್ಮಿಂದ ಕಾಸು ಕಿತ್ತಿದ್ದಳು.

ನಮ್ಮ ಮೈಸೂರಿನಲ್ಲೂ ಬೆಟ್ಟ ಇದೆಯಪ್ಪ. ಹತ್ತುತ್ತೇವೆ, ತಾಯಿಗೆ ಕೈ ಮುಗಿಯುತ್ತೇವೆ, ಚುರುಮುರಿ ತಿಂದು ಇಳಿಯುತ್ತೇವೆ. ಇಳಿಯುವಾಗ ತಿರುವಿನಲ್ಲಿ ನಿಂತು ನಮ್ಮ ಮನೆ ಎಲ್ಲಿ, ನಿಮ್ಮ ಮನೆ ಎಲ್ಲಿ ಅಂತ ಹುಡುಕುತ್ತೇವೆ. ಕೆಳಗಿನವರ ತೆಂಗಿನಮರ ಅಡ್ಡ ಬಂತು, ಕಡಿಸಿ ಅಂತ ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ? ಈ ಗುಡ್ಡದ ಮೇಲೆ ಗುಡಿ ಇಲ್ಲ. ಹಾಗಾಗಿ ಮೇಲಿರುವವರು ತಾವೇ ದೇವರು ಅಂದುಕೊಂಡುಬಿಟ್ಟಿದ್ದಾರೆ.

ದೇವರಿಗೆ ಕಾನೂನಿನ ಬಲವೂ ಇದೆ. ಇಲ್ಲಿ ಮನೆ ಕೊಂಡರೆ ಜೊತೆಗೆ ಒಂದು ಕರಾರು ಬರುತ್ತದೆ. ನಿಮ್ಮ ಗಿಡಮರ ನಿಮ್ಮ ಸೂರನ್ನು ಮೀರಿ ಬೆಳೆದು ಮೇಲಿನ ಮನೆಯವರ ನೋಟಕ್ಕೆ ಅಡ್ಡ ಬರುವಂತಿಲ್ಲ. ಬಂದರೆ ಅವರು ಗುಡ್ಡದ ಅಸೋಸಿಯೇಷನ್‌ಗೆ ದೂರು ಕೊಡಬಹುದು. ಅಸೋಸಿಯೇಷನ್‌ನವರು ಬಂದು ಅಳೆದು ಕಡಿಸುತ್ತಾರೆ. ದೂರು ಕೊಟ್ಟವರ ಹೆಸರನ್ನು ಮಾತ್ರ ಬಾಯಿ ಬಿಡುವುದಿಲ್ಲ.

ಇಷ್ಟೆಲ್ಲ ಪಾಡು ಪಟ್ಟು ಕಾಪಾಡುವ ವ್ಯೂವನ್ನು ನೋಡುವವರು ಯಾರು ಅಂತ ಕೇಳಿ. ಹಗಲಲ್ಲಿ ಮೀಟಿಂಗು. ಲ್ಯಾಪ್‌ಟಾಪಿನ ಮೇಲೆ ಬಿಸಿಲು ಹೊಡೆಯುತ್ತದೆ ಅಂತ ಕಿಟಕಿಗೆ ಬ್ಲೈಂಡ್ಸ್ ಇಳಿಬಿಟ್ಟಿರುತ್ತಾರೆ. ಚಳಿಗಾಲ ಪೂರ್ತಿ ಮೋಡ. ಸರೋವರ ಹೋಗಲಿ, ಎದುರು ಮನೆಯ ಗ್ಯಾರೇಜೂ ಕಾಣುವುದಿಲ್ಲ. ಹಿಮ ಬೀಳುತ್ತದೆ ಅಂತ ಸುದ್ದಿ ಬಂದರೆ ಸಾಕು, ಗುಡ್ಡದ ತುದಿಯವರೆಲ್ಲ ಹಿಂದಿನ ದಿನವೇ ಕಾರನ್ನು ತಂದು ಬುಡದಲ್ಲಿ ನಿಲ್ಲಿಸಿ, ಹಾಲಿನ ಕ್ಯಾನು ಹಿಡಿದು ಏದುಸಿರು ಬಿಡುತ್ತಾ ಹತ್ತುತ್ತಾರೆ. ಜಾರುವ ರಸ್ತೆಯಲ್ಲಿ ಕಾರು ಇಳಿಯುವುದಿಲ್ಲವಲ್ಲ! ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಮಾಡಿದವರು ಯಾರೋ ಪುಣ್ಯಾತ್ಮರು, ಅವರು ಇಲ್ಲಿ ಮನೆ ಕೊಂಡಿರಲಿಕ್ಕಿಲ್ಲ.

ಇರಲಿ, ಬಾಳೆಗೆ ಬರುತ್ತೇನೆ.

ನಮ್ಮನೆಯವರು ವಿಮಾನದ ರೆಕ್ಕೆಗಳ ಲೆಕ್ಕ ಹಾಕುವ ಕೆಲಸದಲ್ಲಿದ್ದವರು. ಸಿಯಾಟಲ್‌ನ ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನ ಒಂದು ಇಲಿಗೂಡಿನಂಥ ರೂಮಿನಲ್ಲಿ ಓದಿಕೊಂಡು, ಆಮೇಲೆ ಕೆಲಸಕ್ಕೆ ಸೇರಿ, ಈಗ ನಿವೃತ್ತರು. ಇಂಥವರಿಗೆ ಒಂದು ಹಟ ಹಿಡಿಯಿತು. ಈ ಚಳಿಯಲ್ಲಿ ಬಾಳೆ ಬೆಳೆಯಬೇಕು! ಬರೀ ಬೆಳೆದರೆ ಸಾಲದು, ಗೊನೆ ಹಾಕಬೇಕು!

ನರ್ಸರಿಯಲ್ಲಿ ಜಪಾನಿನ ಕಡೆಯ ಒಂದು ಜಾತಿ ಸಿಗುತ್ತದೆ, ಚಳಿ ತಡೆಯುತ್ತದೆ. ತಡೆಯುವುದು ಬೇರು ಮಾತ್ರ. ನವೆಂಬರ್‌ನಲ್ಲಿ ಮೊದಲ ಮಂಜು ಬಿದ್ದ ಕೂಡಲೇ ಮೇಲಿನ ಗಿಡ ಕೊಳೆತು ನೆಲ ಕಚ್ಚುತ್ತದೆ. ಬೇಸಿಗೆಯಲ್ಲಿ ಮತ್ತೆ ಮೊದಲಿಂದ ಏಳುತ್ತದೆ. ಎಲೆ, ಕಂದು ಬೇಕಾದಷ್ಟು. ಹೂ ಬರಬೇಕಾದರೆ ಮಾತ್ರ ದಿಂಡು ಚಳಿಗಾಲ ದಾಟಬೇಕು. ಅದಕ್ಕೆ ಇವರು ಪ್ರತಿ ಚಳಿಗಾಲ ಒಂದು ದಿಂಡಿಗೆ ಒಣಗಿದ ಎಲೆ ತುಂಬಿ, ನಮ್ಮ ಹಳೇ ರಜಾಯಿ ಸುತ್ತಿ, ಮೇಲೆ ಟಾರ್ಪಾಲು ಕಟ್ಟಿ, ಮಳೆಯಲ್ಲಿ ಎದ್ದು ಹೋಗಿ ಮುಟ್ಟಿ ನೋಡಿ ಬರುತ್ತಿದ್ದರು. (ನನಗೆ ನೆಗಡಿಯಾದರೆ 'ಕಷಾಯ ಮಾಡ್ಕೋ' ಅಂತಾರೆ. ಬಾಳೆಗೆ ರಜಾಯಿ!) ಈ ಅಂಕಣದಲ್ಲಿ ಒಮ್ಮೆ ಇದನ್ನು ಬರೆದಾಗ ನಿಮ್ಮಲ್ಲಿ ಎಷ್ಟೋ ಜನ ಗಿಡಕ್ಕೆ ಸ್ವೆಟರ್ ಹೆಣೆದು ಕಳಿಸಲಾ ಅಂತ ಕೇಳಿದ್ದಿರಿ. ಮರೆತಿಲ್ಲ.

ಎಷ್ಟೋ ಚಳಿಗಾಲ ಸೋತರು. ಈ ವರ್ಷ ಗೆದ್ದರು.

ಜುಲೈನಲ್ಲಿ ಒಂದು ಬೆಳಿಗ್ಗೆ ಹಿತ್ತಲಿನಿಂದ ಕೂಗಿದರು. "ಸುಮಾ! ಬಾರೇ ಬೇಗ! ಬಾರೇ ಇಲ್ಲಿ!" ಬಿದ್ದರೋ ಏನೋ ಅಂತ ಕೈಯಲ್ಲಿದ್ದ ಸೌಟಿನ ಸಮೇತ ಓಡಿದೆ. ಗಿಡದ ನೆತ್ತಿಯಲ್ಲಿ ಮೊಗ್ಗು. ಇವರು ತಲೆ ಎತ್ತಿ ನಿಂತಿದ್ದರು, ಕಣ್ಣಲ್ಲಿ ನೀರು.

"ತಿನ್ನೋಕೆ ಬರಲ್ವಂತೆ ಕಣೇ ಈ ಜಾತಿ ಹಣ್ಣು. ಬರೀ ಬೀಜ."

"ಮತ್ತೆ ಯಾಕ್ರೀ ಇಷ್ಟು ಒದ್ದಾಡಿದ್ದು?"

"ಗೊನೆ ಬಲಿಯೋದನ್ನ ನೋಡ್ಬೇಕು, ಅಷ್ಟೇ."

ಅಷ್ಟೇ. ಅವರಿಗೂ ಬೇಕಾಗಿದ್ದು ಒಂದು ವ್ಯೂ, ಮಹರಾಯ್ರೇ. ತಮ್ಮದೇ ಹಿತ್ತಲಿನಲ್ಲಿ, ತಲೆ ಎತ್ತಿದರೆ ಕಾಣುವಷ್ಟು.

ಮೊಗ್ಗು ಬಾಗುವ ಹೊತ್ತಿಗೆ ಅಸೋಸಿಯೇಷನ್‌ನಿಂದ ಜೆರ್ರಿ ಬಂದ. ವಯಸ್ಸಾದ ಬಿಳಿಯ, ಒಳ್ಳೆಯ ಮನುಷ್ಯ, ಕೈಯಲ್ಲಿ ಅಳತೆಯ ಉದ್ದ ಕೋಲು. ಮೇಲಿನ ಮನೆಯವರೊಬ್ಬರು ದೂರು ಕೊಟ್ಟಿದ್ದಾರೆ, ನಿಮ್ಮ ಮರ ಸೂರು ದಾಟಿದೆ ಅಂದ. ನಮ್ಮನೆಯವರು ಪಾಠ ಶುರು ಮಾಡಿದರು. ಸ್ವಾಮಿ, ಬಾಳೆ ಮರವೇ ಅಲ್ಲ. ಇದರಲ್ಲಿ ಕಟ್ಟಿಗೆ ಅನ್ನುವುದೇ ಇಲ್ಲ. ಸಸ್ಯಶಾಸ್ತ್ರದ ಪ್ರಕಾರ ಇದು ಹುಲ್ಲಿಗೆ ಹತ್ತಿರದ ದೊಡ್ಡ ಗಿಡ.

ಜೆರ್ರಿ ಎಲ್ಲ ಕೇಳಿಸಿಕೊಂಡು, "ಹುಲ್ಲಾದ್ರೆ ಇನ್ನೂ ಸುಲಭ, ಲಾನ್ ಮೂವರ್ ತಗೊಂಡು ಬನ್ನಿ," ಅಂತ ಇಂಗ್ಲಿಷಿನಲ್ಲಿ ನಕ್ಕ. ಆಗಸ್ಟ್ ಮುಗಿಯುವುದರೊಳಗೆ ಇಡೀ ಗುಂಪನ್ನು ಬುಡಕ್ಕೇ ಕಡಿಯಬೇಕು, ಇಲ್ಲದಿದ್ದರೆ ಅಸೋಸಿಯೇಷನ್ನೇ ಜನ ಕಳಿಸಿ ಕಡಿಸುತ್ತದೆ. ದೂರು ಕೊಟ್ಟವರು ವಾಪಸ್ ತಗೊಂಡರೆ ಮಾತ್ರ ಉಳಿಯುತ್ತದೆ. ಅವರು ಯಾರು? ಹೇಳುವಂತಿಲ್ಲ.

ಯಾರೋ ಅಮೆರಿಕನ್ನರು, ಅವರಿಗೇನು ಗೊತ್ತು ಬಾಳೆ ಬೆಲೆ ಅಂತ ನಾವಿಬ್ಬರೂ ಬೈದುಕೊಂಡೆವು. ಪಾಪ, ಸುಮ್ಮಸುಮ್ಮನೆ ಆ ಜನಕ್ಕೆ ಶಾಪ ಹಾಕಿದೆ!

ಅದೇ ವಾರ ಪ್ರಶಾಂತನ ಹೆಂಡತಿ ದೀಪಾ ಫೋನ್ ಮಾಡಿದಳು. ಕನ್ನಡ ಕೂಟದಲ್ಲಿ ಪರಿಚಯ, ನಮ್ಮನೆಗೆ ಬಂದವಳಲ್ಲ.

"ಆಂಟಿ, ನಾವೂ ನಿಮ್ಮ ಗುಡ್ಡಕ್ಕೇ ಬಂದ್ವಿ! ಆಷಾಢ ಮುಗಿದ ತಕ್ಷಣ ಗೃಹಪ್ರವೇಶ. ಎಲ್ಲರೂ ಹೇಳಿದ್ರು, ಬಾಳೆಕಂದು ಅಂದ್ರೆ ಸುಮಾ ಆಂಟಿ ಮನೆಗೇ ಹೋಗ್ಬೇಕು ಅಂತ. ಎರಡೇ ಎರಡು ಕೊಡ್ತೀರಾ ಪ್ಲೀಸ್?"

ನಿಜ, ಈ ಕಡೆ ಸ್ನೊಕ್ವಾಲ್ಮಿಯಿಂದ ಆ ಕಡೆ ಸಿಯಾಟಲ್‌ವರೆಗೆ ಯಾವ ಕನ್ನಡದ ಮನೆಯಲ್ಲಿ ಪೂಜೆಯಾದರೂ ಕಂದು ನಮ್ಮ ಹಿತ್ತಲಿನದು. ಒಂದು ದಿನಕ್ಕೂ ಇಲ್ಲ ಅಂದವರಲ್ಲ ನಾವು. ಇವರು ಗೊನೆಯ ಗಿಡಕ್ಕೆ ನೋವಾಗದಂತೆ ಪಕ್ಕದ ಎರಡು ಒಳ್ಳೆಯ ಕಂದು ಆರಿಸಿ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಮುಂಬಾಗಿಲಲ್ಲಿ ಇಟ್ಟರು. ದೀಪಾ ಕಾರಿನಲ್ಲಿ ಬಂದು, ಹಾಕಿಕೊಂಡು, ಇಂಜಿನ್ ಕೂಡ ಆರಿಸದೆ ಹೋದಳು. ಹಿತ್ತಲು ನೋಡಲಿಲ್ಲ. ನೋಡಿದ್ದರೆ ತಲೆ ಮೇಲೆ ತಮ್ಮದೇ ಮನೆಯ ಡೆಕ್, ಅಂದರೆ ಮರದ ಜಗುಲಿ, ಕಾಣುತ್ತಿತ್ತು.

ಈ ಗುಡ್ಡದ ರಸ್ತೆಗಳೇ ಹಾಗೆ. ಅವರ ಮನೆ ನಮ್ಮ ಬೆನ್ನ ಹಿಂದಿನ ಏರಿನ ಮೇಲೆ. ನಡುವೆ ಬ್ಲಾಕ್‌ಬೆರಿ ಮುಳ್ಳಿನ ಇಳಿಜಾರು. ನಡೆದು ಹೋಗಲು ದಾರಿಯಿಲ್ಲ; ಕಾರಿನಲ್ಲಿ ಗುಡ್ಡ ಸುತ್ತಿ, ಬೇರೆ ಬೀದಿಯಿಂದ ಹತ್ತಬೇಕು. ತಮ್ಮ ಕೆಳಗಿರುವವರು ನಾವು ಅಂತ ಅವರಿಗೆ ಗೊತ್ತಿಲ್ಲ, ಮೇಲಿರುವವರು ಅವರು ಅಂತ ನಮಗೂ ಗೊತ್ತಿಲ್ಲ. ಒಂದೇ ಗುಡ್ಡದಲ್ಲಿದ್ದು ಒಬ್ಬರಿಗೊಬ್ಬರ ಸೂರು ಮಾತ್ರ ಪರಿಚಯ.

ಹೀಗೆ ನಾನು ಗೃಹಪ್ರವೇಶಕ್ಕೆ ಹೋದೆ. ಬಾಗಿಲಲ್ಲಿ ನಮ್ಮ ಕಂದುಗಳನ್ನು ನೋಡಿ, ಮಗಳು ಅತ್ತೆಮನೆಯಲ್ಲಿ ಚೆನ್ನಾಗಿದ್ದಾಳೆ ಅನ್ನುವ ಹಾಗೆ ಸಂತೋಷಪಟ್ಟೆ. ಪುರೋಹಿತರು ಮಂತ್ರ ಹೇಳುತ್ತಿದ್ದಂತೆಯೇ ಪ್ರಶಾಂತ ಗುಂಪು ಗುಂಪಾಗಿ ಜನರನ್ನು ಡೆಕ್ಕಿಗೆ ಸಾಗಿಸುತ್ತಿದ್ದ. ಹೋಮಕ್ಕಿಂತ ಅಲ್ಲೇ ರಶ್ಶು. ಮಂಗಳಾರತಿಗಿಂತ ಮೊದಲು ವ್ಯೂಗೆ ಪ್ರದಕ್ಷಿಣೆ! ಊಟದ ತಟ್ಟೆ ಬಾಳೆಎಲೆ ಆಕಾರದ ಪೇಪರಿನದು. ಎಲೆಯ ನರ ಕೂಡ ಪ್ರಿಂಟ್ ಮಾಡಿದ್ದರು.

ಅಲ್ಲಿ ದುರ್ಬೀನು ಕೈಗೆ ಬಂತು. ಮುಂದಿನದು ನಿಮಗೆ ಗೊತ್ತು.

ನಾನು ದುರ್ಬೀನು ಇಳಿಸಿದೆ. ಇಳಿಸಿ ನೋಡಿದರೆ ಜಂಗಲ್ ಎಷ್ಟಿತ್ತು ಗೊತ್ತೇ? ಅಷ್ಟಗಲ ಸರೋವರದ ಒಂದು ಮೂಲೆಯಲ್ಲಿ, ಕೈ ಚಾಚಿ ಹೆಬ್ಬೆರಳು ಅಡ್ಡ ಹಿಡಿದರೆ ಮುಚ್ಚಿಹೋಗುವಷ್ಟು.

"ಅಲ್ಲೇನೋ ಬೆಡ್‌ಶೀಟ್ ಬೇರೆ ಹರವಿದಾರೆ ನೋಡಿ," ಅಂದ ಪ್ರಶಾಂತ, ಸುತ್ತ ನಿಂತವರಿಗೆಲ್ಲ ಕೇಳುವಂತೆ. "ಜನಕ್ಕೆ ಬೇಸಿಕ್ ಸೆನ್ಸ್ ಇರಲ್ಲ. ನಾನು ಮನೆ ಕ್ಲೋಸಿಂಗ್ ಆಗಿ ಕೀ ಕೈಗೆ ಬಂದ ದಿನಾನೇ ಕಂಪ್ಲೇಂಟ್ ಹಾಕ್ದೆ."

ಅವನ ಮಗಳು, ಅರಿಶಿನ ಬಣ್ಣದ ಲಂಗ ಉಟ್ಟ ಮುದ್ದು ಹುಡುಗಿ, ಇಂಗ್ಲಿಷಿನಲ್ಲಿ ಸೇರಿಸಿದಳು: "ಅಪ್ಪ ಅವರನ್ನ ಜಂಗಲ್ ಗೈ ಅಂತ ಕರೀತಾರೆ!"

ಮೈ ಉರಿದುಹೋಯಿತು. ಬಾಯಿ ಮಾತ್ರ ನಿಧಾನಕ್ಕೇ ಮಾತಾಡಿತು.

"ಅವರು ನಮ್ಮನೆಯವರು ಕಣಪ್ಪ. ಬೆಡ್‌ಶೀಟ್ ಮೇಲಿರೋದು ಸಂಡಿಗೆ. ಆ ಜಂಗಲ್ಲಿನ ಎರಡು ಕಂದು ನಿನ್ನ ಬಾಗಿಲಲ್ಲಿದೆ, ಹೋಗಿ ನೋಡ್ಕೊಂಡು ಬಾ."

ಯಾರೋ ಒಬ್ಬರು ಪೇಪರ್ ಎಲೆಯ ಹೋಳಿಗೆಯನ್ನು ಬಹಳ ಗಮನವಿಟ್ಟು ನೋಡತೊಡಗಿದರು. ಪ್ರಶಾಂತ ಕೆಂಪಾದ. ನಾಚಿಕೆಯಾಗಿದೆ, ಈಗ ಕ್ಷಮಿಸಿ ಅಂತಾನೆ ಅಂದುಕೊಂಡೆ.

"ಅಯ್ಯೋ ಆಂಟಿ, ಗೊತ್ತಿರ್ಲಿಲ್ಲ! ಗೊತ್ತಿದ್ರೆ ಕಂಪ್ಲೇಂಟ್ ಯಾಕೆ ಹಾಕ್ತಿದ್ದೆ? ನಿಮಗೇ ಡೈರೆಕ್ಟಾಗಿ ಫೋನ್ ಮಾಡಿ ಕಡಿಸಿ ಅಂತಿದ್ದೆ!"

ನೋಡಿದಿರಾ? ತಪ್ಪು ಕಡಿಸುವುದರಲ್ಲಿ ಅಲ್ಲ, ಫೋನ್ ಮಾಡದೆ ಇದ್ದದ್ದರಲ್ಲಿ!

ನಾನು ಸ್ವಾಭಿಮಾನ ಕಟ್ಟಿಟ್ಟು ಕೇಳಿಕೊಂಡೆ. ಇವರಿಗಾಗಿ ಕೇಳಿದೆ. "ಪ್ರಶಾಂತ, ಎಷ್ಟೋ ವರ್ಷದ ಮೇಲೆ ಮೊದಲನೇ ಸಲ ಗೊನೆ ಹಾಕಿದೆ. ನವೆಂಬರ್‌ನಲ್ಲಿ ಮಂಜು ಬಿದ್ರೆ ತಾನಾಗೇ ಹೋಗುತ್ತೆ. ಅಲ್ಲೀವರೆಗೆ ತಡ್ಕೋ. ಕಂಪ್ಲೇಂಟ್ ವಾಪಸ್ ತಗೋ."

ಅವನು ದೀಪಾಳ ಮುಖ ನೋಡಿದ. ದೀಪಾ ಸರೋವರದ ಮುಖ ನೋಡಿದಳು, ಆಮೇಲೆ ಅವಳೇ ಬಾಯಿ ಬಿಟ್ಟಳು.

"ನವೆಂಬರ್ ಆದ್ಮೇಲೆ ಮೋಡ ಅಲ್ವಾ ಆಂಟಿ? ವ್ಯೂ ಇರೋದೇ ಈ ಎರಡು ತಿಂಗಳು. ಸೆಪ್ಟೆಂಬರಲ್ಲಿ ಇವರ ಡೈರೆಕ್ಟರ್ ಫ್ಯಾಮಿಲಿ ಡಿನ್ನರ್‌ಗೆ ಬರ್ತಿದ್ದಾರೆ. ನೀವು ಬೇಕಾದ್ರೆ ಪಾಟ್‌ನಲ್ಲಿ ಚಿಕ್ಕದೊಂದು ಇಟ್ಕೊಳ್ಳಿ. ಕ್ಯೂಟಾಗಿರುತ್ತೆ!"

ಅರಿಶಿನ ಕುಂಕುಮ ತೆಗೆದುಕೊಂಡು ಬಂದೆ. (ಬಿಡಲಿಲ್ಲ. ಕುಂಕುಮ ಏನು ತಪ್ಪು ಮಾಡಿತ್ತು?) ಹೊರಬರುವಾಗ ಬಾಗಿಲ ಕಂದನ್ನು ಒಮ್ಮೆ ಸವರಿದೆ.

ಮನೆಗೆ ಬಂದು ಇವರಿಗೆ ಹೇಳಿದೆ. ಕೂಗಾಡುತ್ತಾರೆ, ವಕೀಲರನ್ನು ಹುಡುಕುತ್ತಾರೆ ಅಂದುಕೊಂಡಿದ್ದೆ. ಇವರು ಕೋಲಿನಿಂದ ನೆಲ ಕೆದಕುತ್ತಾ ಕೇಳಿದರು.

"ನಮ್ಮೂರ ಹುಡುಗ ಅಂತೀಯ?"

"ಹೂಂ ರೀ. ಮೈಸೂರು."

"ಬೇರೆಯವರಾಗಿದ್ರೆ ಚೆನ್ನಾಗಿತ್ತು," ಅಂದರು.

ತಿಂಗಳ ಕೊನೆಯವರೆಗೂ ಕಾದೆವು. ಪ್ರಶಾಂತ ಫೋನ್ ಮಾಡಲಿಲ್ಲ. ಅಸೋಸಿಯೇಷನ್‌ನ ಕೂಲಿಗಳು ಬಂದು ಯಂತ್ರ ಹಾಕುವುದು ಬೇಡ ಅಂತ ಇವರೇ ಕುಡುಗೋಲು ಹಿಡಿದರು. ಒಂದೊಂದೇ ಎಲೆ, ಆಮೇಲೆ ಕಂದು, ಕೊನೆಗೆ ಆ ಗಿಡ. ಗೊನೆಯಲ್ಲಿ ಬೆರಳುದ್ದದ ಹಸಿರು ಕಾಯಿ ಬಂದಿತ್ತು. ಅದನ್ನು ನೆಲಕ್ಕೆ ಬೀಳಲು ಬಿಡದೆ ಎರಡೂ ಕೈಯಲ್ಲಿ ಹಿಡಿದು ತಂದು ಗ್ಯಾರೇಜಿನಲ್ಲಿ ಬಕೆಟ್ ನೀರಿನಲ್ಲಿ ನಿಲ್ಲಿಸಿದರು. ಇನ್ನು ಬಲಿಯುವುದಿಲ್ಲ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬೆಳಿಗ್ಗೆ ಎದ್ದು ನೀರು ಬದಲಾಯಿಸುತ್ತಿದ್ದರು. ನೋಡಲಾರದೆ ನಾನು ಗ್ಯಾರೇಜಿಗೆ ಹೋಗುವುದನ್ನೇ ಬಿಟ್ಟೆ. ಅತ್ತುಬಿಟ್ಟೆ, ಹೌದು, ಒಂದು ಬಾಳೆಗೊನೆಗಾಗಿ ಅತ್ತುಬಿಟ್ಟೆ. ನಗುವವರು ನಗಲಿ.

ಆಮೇಲೆ ಏನಾಯಿತು ಅಂತೀರಾ? ಸೆಪ್ಟೆಂಬರ್ ಹುಟ್ಟಿದ ಕೂಡಲೇ ಬೆಟ್ಟಗಳಾಚೆ ಕಾಡ್ಗಿಚ್ಚು ಹತ್ತಿತು. ಹೊಗೆ ಬಂದು ಗುಡ್ಡದ ಸುತ್ತ ಕೂತಿತು. ಸರೋವರ ಇಲ್ಲ, ಸೇತುವೆ ಇಲ್ಲ, ಟವರುಗಳಂತೂ ಇಲ್ಲವೇ ಇಲ್ಲ. ಕಿಟಕಿ ತೆಗೆಯುವಂತಿಲ್ಲ, ಡೆಕ್ಕಿಗೆ ಬರುವಂತಿಲ್ಲ. ಡೈರೆಕ್ಟರ್ ಫ್ಯಾಮಿಲಿ ಅದೇ ಹೊಗೆಯಲ್ಲಿ ಬಂದು, ಬ್ಲೈಂಡ್ಸ್ ಇಳಿಸಿದ ಹಾಲ್‌ನಲ್ಲಿ ಊಟ ಮಾಡಿ ಹೋಯಿತಂತೆ. ಸೂರು ದಾಟಿ ಬೆಳೆದ ಹೊಗೆಯ ಮೇಲೆ ಕಂಪ್ಲೇಂಟ್ ಹಾಕಲು ಯಾವ ಅಸೋಸಿಯೇಷನ್ ಇದೆಯಪ್ಪ?

ಇನ್ನೊಂದು ಕಡೆ ನನ್ನ ಫೋನು ಬಡಿದುಕೊಳ್ಳತೊಡಗಿತು. ಗೌರಿ ಗಣೇಶ ಹತ್ತಿರ ಬಂತಲ್ಲ! ಸ್ನೊಕ್ವಾಲ್ಮಿಯಿಂದ, ರೆಡ್ಮಂಡ್‌ನಿಂದ, ಎಲ್ಲೆಲ್ಲಿಂದಲೋ. ಆಂಟಿ, ಎಲೆ. ಆಂಟಿ, ಕಂದು. ಈ ವರ್ಷ ಇಲ್ಲ ಅಂದೆ ಎಲ್ಲರಿಗೂ. ಯಾಕೆ ಅಂದವರಿಗೆ ಕಾರಣವನ್ನೂ ಹೇಳಿದೆ, ಹೆಸರಿನ ಸಮೇತ. ನಾನೇನು ಅಸೋಸಿಯೇಷನ್ನೇ, ಹೆಸರು ಮುಚ್ಚಿಡಲು?

ಹಬ್ಬಕ್ಕೆ ಎರಡು ದಿನ ಇರುವಾಗ ಇನ್ನೊಂದು ಫೋನು. ನಂಬರ್ ನೋಡಿ ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

"ಆಂಟಿ, ಪ್ರಶಾಂತ. ಹೇಗಿದೀರಾ? ಅಂಕಲ್ ಹೇಗಿದಾರೆ? ಹೊಗೆ ಕಮ್ಮಿ ಆಯ್ತಲ್ವಾ, ವ್ಯೂ ಏನ್ ಸೂಪರಾಗಿದೆ ಗೊತ್ತಾ ಈಗ! ಥ್ಯಾಂಕ್ಯೂ ಸೋ ಮಚ್ ಆಂಟಿ, ನೀವು ಅರ್ಥ ಮಾಡ್ಕೊಂಡಿದ್ದಕ್ಕೆ."

"ಸಂತೋಷ ಕಣಪ್ಪ."

"ಹೊಸ ಮನೇಲಿ ಫಸ್ಟ್ ಗಣೇಶ. ಸ್ವಲ್ಪ ಗ್ರ್ಯಾಂಡಾಗಿ ಮಾಡೋಣ ಅಂತ. ಮಂಟಪಕ್ಕೆ, ಬಾಗಿಲಿಗೆ ಸೇರಿ ಒಂದು ನಾಲ್ಕು ಬಾಳೆಕಂದು ಬೇಕಿತ್ತು ಆಂಟಿ. ಚಿಕ್ಕದಾದ್ರೂ ಪರ್ವಾಗಿಲ್ಲ."

ಉಂಡೂ ಹೋದ ಕೊಂಡೂ ಹೋದ ಅಂತ ಕೇಳಿದ್ದೆ. ಉಂಡು, ಕೊಂಡು, ಕಡಿಸಿ, ಮತ್ತೆ ಕೇಳಿಕೊಂಡು ಬರುವವನನ್ನು ಇದೇ ಮೊದಲು ಕಂಡಿದ್ದು. ಗ್ಯಾರೇಜಿನಲ್ಲಿ ಇವರು ಬಕೆಟ್ಟಿನ ನೀರು ಚೆಲ್ಲುವ ಸದ್ದು ಕೇಳುತ್ತಿತ್ತು.

"ಬಾಳೆ ಇಲ್ಲಪ್ಪ," ಅಂದೆ. "ಈ ಸಲ ಬಾಗಿಲಿಗೆ ಆ ವ್ಯೂನೇ ಕಟ್ಕೋ."